ತರಗು ಬೆಂಕಿ ನೋಟ್‌ಬುಕ್: ಮೂರನೇ ತಿಂಗಳು

ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನಲ್ಲಿ, ಅಂದರೆ ಸೋಲಿಗ ಬುಡಕಟ್ಟಿನವರ ಹಾಡಿಯಲ್ಲಿ, ನಡೆಯುತ್ತಿರುವ ಕೆಲಸ ಇದು. ಹೊಸದಾಗಿ ಓದುವವರಿಗೆ ಎರಡು ಮಾತು. ನಾನು ಎಂ.ಎ. ಮಾಡಿದ್ದು ಶಾಂತಿ ಅಧ್ಯಯನದಲ್ಲಿ. ಈಗ ಪಾಠ ಮಾಡುವುದು ಸಾರ್ವಜನಿಕ ನೀತಿ. ರಜೆ ಸಿಕ್ಕಾಗೆಲ್ಲ ಬಸ್ಸು ಹತ್ತಿ ಇಲ್ಲಿಗೆ ಬರುತ್ತೇನೆ. ಸೋಲಿಗ ಮಕ್ಕಳು ತಮ್ಮ ಹಿರಿಯರನ್ನು ಕೇಳಿ ಕೇಳಿ ಕಾಡಿನ ವಿಷಯ ಬರೆದಿಡುತ್ತಾರೆ. ನಾನು ಜೊತೆಗೆ ಕೂರುತ್ತೇನೆ.

ಇದು ಸುಮ್ನೆ ಕಥೆ ಸೇರಿಸುವ ಕೆಲಸ ಅಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ, ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ, ಕಾಡಿನ ಮೇಲಿನ ಹಕ್ಕು ಕೇಳುವವರಿಗೆ ಅದೂ ಒಂದು ಪುರಾವೆ. ಇಲ್ಲಿನ ಪೋಡುಗಳಿಗೆ 2011ರಲ್ಲಿ ಸಮುದಾಯ ಹಕ್ಕುಪತ್ರ ಸಿಕ್ಕಿತು. ಈ ಕಾಡು ಹುಲಿ ಸಂರಕ್ಷಿತ ಪ್ರದೇಶ ಆಗಿದ್ದೂ ಅದೇ ವರ್ಷ. ಹಕ್ಕು ಬಂತು, ಆದರೆ ಕಾಡನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವ ಮಾತು ಮುಗಿದಿಲ್ಲ. ಗ್ರಾಮಸಭೆಯಲ್ಲಿ ಆ ಮಾತು ಬಂದಾಗ ಕೈಯಲ್ಲಿ ಒಂದು ಕಾಗದ ಇರಬೇಕು ಅಲ್ವಾ?

ಮೊದಲ ಎರಡು ತಿಂಗಳು ಗೆಡ್ಡೆ, ಸೊಪ್ಪು, ಜೇನಿನ ಹೆಸರುಗಳಲ್ಲೇ ಹೋಯಿತು. ಒಂದು ಪುಸ್ತಕ ತುಂಬಿದೆ.

ಈ ಸಲ ಆದದ್ದನ್ನು ಮಾತ್ರ ಸ್ವಲ್ಪ ಬಿಡಿಸಿ ಬರೆಯಬೇಕು. ಒಂಬತ್ತನೇ ಕ್ಲಾಸಿನ ಹುಡುಗಿ ತನ್ನ ಅಜ್ಜಿ ಹೇಳಿದಂತೆ 'ತರಗು ಬೆಂಕಿ' ಅಂತ ಬರೆದಿದ್ದಳು. ಓದುವವರಿಗೆ ಅರ್ಥ ಆಗಲಿ ಅಂತ ನಾನು 'ಕಾಡ್ಗಿಚ್ಚು' ಅಂತ ತಿದ್ದಿಸಿದೆ. ಪಠ್ಯಪುಸ್ತಕದ ಪದ ಅದು. ಅವಳು ರಬ್ಬರಿನಿಂದ ಅಳಿಸಿ ಹೊಸದಾಗಿ ಬರೆದಳು. ಸಂಜೆ ಅಜ್ಜಿಗೆ ಓದಿ ಹೇಳಿದಾಗ, ರಾಗಿ ಕೇರುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟರು.

"ಹಂಗಲ್ಲ ಕನವ್ವ. ಕಾಡು ಸುಡೋದು ಬೇರೆ, ತರಗು ಹಚ್ಚೋದು ಬೇರೆ."

ಆಮೇಲೆ ನಿಧಾನವಾಗಿ ಹೇಳಿದರು. ಹುಲ್ಲು ಪೂರ್ತಿ ಒಣಗುವ ಮೊದಲೇ ಹಚ್ಚಬೇಕು. ನೆಲದ ತರಗೆಲೆ ಮಾತ್ರ ಉರಿಯುತ್ತದೆ, ದೊಡ್ಡ ಮರಕ್ಕೆ ಏನೂ ಆಗುವುದಿಲ್ಲ. ನೆಲ್ಲಿ ಮರಕ್ಕೆ ಹತ್ತಿ ಅದರ ಸತ್ವ ಹೀರುವ ಬದನಿಕೆ ಗಿಡವನ್ನು ಸೋಲಿಗರು ಉಪ್ಪಿಲು ಅನ್ನುತ್ತಾರೆ. ಅದೂ ಹತೋಟಿಯಲ್ಲಿ ಇರುತ್ತಿತ್ತಂತೆ. 1974ರಲ್ಲಿ ಇದು ಅಭಯಾರಣ್ಯ ಆಯಿತು, ಬೆಂಕಿ ಹಚ್ಚುವುದೂ ನಿಂತಿತು. ಆಮೇಲೆ ಲಂಟಾನ ಕಳೆ ಏರಿತು, ನೆಲ್ಲಿಗೆ ಉಪ್ಪಿಲು ಜಾಸ್ತಿ ಆಯಿತು ಅಂತ ಸೋಲಿಗರು ಹೇಳುತ್ತಲೇ ಬಂದಿದ್ದಾರೆ. ಸಂಶೋಧಕರೂ ಈ ಮಾತಿನ ಬೆನ್ನು ಹತ್ತಿ ಕೆಲಸ ಮಾಡಿದ್ದಾರೆ.

ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅರಣ್ಯ ಇಲಾಖೆಗೂ ಸೋಲಿಗರಿಗೂ ಇಷ್ಟು ವರ್ಷ ನಡೆದ ಜಗಳದ ಒಂದು ಎಳೆ ಈ ಎರಡು ಪದಗಳ ನಡುವೆಯೇ ಇದೆ. ಒಬ್ಬರು ಆರೈಕೆ ಅನ್ನುವುದು ಇನ್ನೊಬ್ಬರ ಕಣ್ಣಿಗೆ ಅಪರಾಧ. ಸಂಘರ್ಷ, ಸಂಧಾನ ಅಂತ ವರ್ಷಗಟ್ಟಲೆ ಓದಿದ ನಾನೇ ಆ ಪದವನ್ನು ಅಳಿಸಿಹಾಕಿದ್ದೆ. ಆ ಹೇಳಿಕೆ ಹಾಗೆಯೇ ಹೋಗಿದ್ದರೆ, ಸೋಲಿಗರು ಕಾಡಿಗೆ ಕಿಚ್ಚಿಡುತ್ತಾರೆ ಅನ್ನುವುದಕ್ಕೆ ಅಜ್ಜಿಯ ಹೆಬ್ಬೆಟ್ಟೇ ಸಾಕ್ಷಿ ಆಗುತ್ತಿತ್ತು.

ಈಗ ಕೆಲಸದ ಕ್ರಮ ಬದಲಾಗಿದೆ. ಮಕ್ಕಳು ಕೇಳಿದ ಪದವನ್ನೇ ಬರೆಯುತ್ತಾರೆ. ಅರ್ಥ ಬೇಕಿದ್ದರೆ ಪಕ್ಕದ ಪುಟದಲ್ಲಿ. ಹೇಳಿದವರಿಗೆ ಪೂರ್ತಿ ಓದಿ ಹೇಳಿ, ಅವರು ಹೂಂ ಅಂದ ಮೇಲಷ್ಟೇ ಹೆಬ್ಬೆಟ್ಟು. ಹಳೆಯ ಪುಸ್ತಕದಲ್ಲಿ ನಾನು ತಿದ್ದಿಸಿದ ಪದಗಳನ್ನು ಹುಡುಗಿಯೇ ಹುಡುಕಿ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಿದ್ದಾಳೆ. ನಿನ್ನೆಯವರೆಗೆ ಹದಿನೇಳು ಸಿಕ್ಕಿವೆ.

ಮುಂದಿನ ಸಲ ಎಲ್ಲೆಯ ನಕ್ಷೆ. ತಮ್ಮ ಕುಲದ ಕಲ್ಲು ಎಲ್ಲಿದೆ ಅಂತ ಅಜ್ಜಿಯೇ ತೋರಿಸುತ್ತಾರಂತೆ. ಗೆರೆ ಇಲ್ಲದ ದೊಡ್ಡ ಹಾಳೆ ತರಲು ಹುಡುಗಿ ಹೇಳಿ ಕಳಿಸಿದ್ದಾಳೆ.