ಕಾವಲಿಯ ಮೇಲೆ ಗೇರ್ ಆಯಿಲ್

ನಮ್ಮ ಮಿನಿ ಟ್ರ್ಯಾಕ್ಟರಿನ ಗಂಟೆ ಮೀಟರ್ ಈ ಸಲದ ಆಯುಧಪೂಜೆಯ ಹೊತ್ತಿಗೆ 318 ತೋರಿಸುತ್ತಿತ್ತು. ತಂದು ನಾಲ್ಕು ವರ್ಷವಾದ ಗಾಡಿಗೆ ಅದು ಏನೇನೂ ಅಲ್ಲ. ಪೆರ್ಲದ ಸಮೀಪ ಗುಡ್ಡದ ಬುಡದಲ್ಲಿರುವ ನಮ್ಮ ಅಡಿಕೆ ತೋಟದಲ್ಲಿ ಅದಕ್ಕಿರುವ ಕೆಲಸವೆಂದರೆ ಹಟ್ಟಿಗೊಬ್ಬರ, ಸೊಪ್ಪು, ಅಡಿಕೆಗೊನೆಗಳನ್ನು ಸಾಗಿಸುವುದು ಮತ್ತು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಪಂಪನ್ನು ತಿರುಗಿಸುವುದು, ಅಷ್ಟೆ. ಗೇರ್‌ಬಾಕ್ಸ್ ಆಯಿಲಿನ ಸರದಿ ಬರಲು ಇನ್ನೂ ಸಾಕಷ್ಟು ಗಂಟೆಗಳಿವೆಯೆಂದು ಮೀಟರನ್ನು ನೋಡಿಕೊಂಡು ನಾನು ನೆಮ್ಮದಿಯಾಗಿದ್ದೆ. ಆ ಲೆಕ್ಕ ತಪ್ಪಾಗಿತ್ತು.

ಗಾಡಿಯೊಂದಿಗೆ ಕೊಡುವ ಪುಸ್ತಕದಲ್ಲಿ ಗಂಟೆಗಳ ಜೊತೆಗೆ ತಿಂಗಳುಗಳ ಲೆಕ್ಕವೂ ಇರುತ್ತದೆ. ಎರಡರಲ್ಲಿ ಯಾವುದು ಮೊದಲು ತುಂಬುತ್ತದೆಯೋ ಅದನ್ನೇ ಹಿಡಿಯಬೇಕು. ಕಡಿಮೆ ಓಡುವ ಗಾಡಿಗೆ ಈ ಎರಡನೆಯ ಲೆಕ್ಕವೇ ಮುಖ್ಯವಾದದ್ದು. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಕಾಸರಗೋಡಿನಲ್ಲಿ ಗಾಳಿಯೇ ಅರ್ಧ ನೀರು. ಗಾಡಿ ಓಡಿ ಬಿಸಿಯಾದಾಗ ಗೇರ್‌ಬಾಕ್ಸಿನೊಳಗಿನ ಗಾಳಿ ಹಿಗ್ಗಿ ಬ್ರೀದರ್ ಎಂಬ ಗಾಳಿಯಾಡುವ ಕಿರುತೂತಿನ ಮೂಲಕ ಹೊರಗೆ ಹೋಗುತ್ತದೆ, ತಣಿದಾಗ ಹೊರಗಿನ ತೇವದ ಗಾಳಿಯನ್ನು ಅದೇ ದಾರಿಯಿಂದ ಒಳಗೆಳೆದುಕೊಳ್ಳುತ್ತದೆ, ಆ ತೇವ ತಣ್ಣನೆಯ ಕಬ್ಬಿಣದ ಗೋಡೆಗೆ ತಾಗಿ ಹನಿಗಟ್ಟಿ ಆಯಿಲಿಗೆ ಇಳಿಯುತ್ತದೆ. ದಿನವಿಡೀ ಉಳುವ ಟ್ರ್ಯಾಕ್ಟರಿನಲ್ಲಿ ಆಯಿಲ್ ಚೆನ್ನಾಗಿ ಕಾದು ಆ ನೀರು ಆವಿಯಾಗಿ ಹೋಗಬಹುದು. ತೋಟದಿಂದ ಅಂಗಳಕ್ಕೆ ಎರಡು ಸಲ ಬಂದು ಶೆಡ್ಡಿನಲ್ಲಿ ನಿಲ್ಲುವ ನಮ್ಮದಕ್ಕೆ ಆ ಭಾಗ್ಯವಿಲ್ಲ.

ಆಯುಧಪೂಜೆಗೆಂದು ಗಾಡಿಯನ್ನು ತೊಳೆದ ಮೇಲೆ, ಇಷ್ಟು ಮಾಡಿದವನು ಆಯಿಲನ್ನೂ ನೋಡಿಬಿಡೋಣವೆಂದು ಗೇರ್‌ಬಾಕ್ಸಿನ ಅಳತೆ ಕಡ್ಡಿಯನ್ನು ಎಳೆದೆ. ಅದರ ತುದಿಯಲ್ಲಿ ಜೇನಿನ ಬಣ್ಣ ಇರಬೇಕಾದಲ್ಲಿ ಹಾಲು ಹೆಚ್ಚಾದ ಚಹಾದ ಬಣ್ಣವಿತ್ತು. ನೀರು ಸೇರಿರುವುದಕ್ಕೆ ಅಷ್ಟೇ ಸಾಕ್ಷಿ ಸಾಕಾಗಿತ್ತಾದರೂ ಹಳೆಯದೊಂದು ಪರೀಕ್ಷೆಯನ್ನು ಮಾಡಿಯೇ ನೋಡಬೇಕೆನಿಸಿತು. ಮೂಲೆ ಸೇರಿದ್ದ ಕಬ್ಬಿಣದ ದೋಸೆ ಕಾವಲಿಯನ್ನು, ಇನ್ನು ಅದು ಅಡುಗೆಮನೆಗೆ ಮರಳಬಾರದೆಂಬ ಮನೆಯಾಕೆಯ ಷರತ್ತಿಗೆ ಒಪ್ಪಿ, ಅಂಗಳದ ಒಲೆಯ ಮೇಲೆ ಕಾಯಿಸಿ ಕೆಳಗಿಳಿಸಿದೆ. ಹೊಸ ಆಯಿಲಿನ ಒಂದು ಹನಿ ಬಿಟ್ಟಾಗ ಅದು ಸದ್ದಿಲ್ಲದೆ ಹರಡಿಕೊಂಡಿತು. ಗೇರ್‌ಬಾಕ್ಸಿನ ಹನಿ ಒಗ್ಗರಣೆಯ ಸಾಸಿವೆಯಂತೆ ಚಟಪಟನೆ ಸಿಡಿಯಿತು. ಕಾದ ಕಬ್ಬಿಣ ತಾಗಿದೊಡನೆ ಆಯಿಲಿನೊಳಗಿನ ನೀರು ಒಮ್ಮೆಲೇ ಆವಿಯಾಗುವುದರಿಂದ ಆ ಸದ್ದು ಬರುತ್ತದೆ. (ಮಾಡುವವರು ಮುಖವನ್ನು ದೂರ ಇಟ್ಟುಕೊಳ್ಳಿ, ನನ್ನ ಕನ್ನಡಕದ ಮೇಲೆ ಎರಡು ಹನಿ ಬಿದ್ದವು.)

ನಮ್ಮದರಂತಹ ಸಣ್ಣ ಟ್ರ್ಯಾಕ್ಟರುಗಳಲ್ಲಿ ಗೇರು, ಹಿಂದಿನ ಲಿಫ್ಟಿನ ಹೈಡ್ರಾಲಿಕ್ ಮತ್ತು ಆಯಿಲಿನಲ್ಲಿ ಮುಳುಗಿರುವ ಬ್ರೇಕಿನ ಪ್ಲೇಟುಗಳು, ಈ ಮೂರಕ್ಕೂ ಒಂದೇ ಆಯಿಲ್. ಆದ್ದರಿಂದ ಅದು ಕೆಟ್ಟರೆ ಮೂರೂ ಕೆಡುತ್ತವೆ. ಪೇಟೆಯ ಅಂಗಡಿಯಲ್ಲಿ "ಗೇರಿಗಲ್ಲವೇ, ತೊಂಬತ್ತರ ಆಯಿಲ್ ಸಾಕು" ಎಂದು ಅಗ್ಗದ ಡಬ್ಬಿಯನ್ನು ಮುಂದಿಟ್ಟರು. ಬರೀ ಹಲ್ಲುಗಳಿಗಾದರೆ ಅದು ನಡೆಯುತ್ತಿತ್ತೇನೋ. ಆದರೆ ತೊಂಬತ್ತರ ಗ್ರೇಡಿನ ದಪ್ಪಗಿರುವ ಆ ಆಯಿಲನ್ನು ಹೈಡ್ರಾಲಿಕ್ ಪಂಪು ಸಲೀಸಾಗಿ ಎಳೆಯುವುದಿಲ್ಲ, ಮುಳುಗುವ ಬ್ರೇಕಿಗೆ ಬೇಕಾದ ಗುಣವೂ ಅದಕ್ಕಿಲ್ಲ. ಈ ಮೂರು ಕೆಲಸಕ್ಕೆಂದೇ ತಯಾರಿಸಿದ, ಡಬ್ಬಿಯ ಮೇಲೆ ಯುಟಿಟಿಒ (ಯೂನಿವರ್ಸಲ್ ಟ್ರ್ಯಾಕ್ಟರ್ ಟ್ರಾನ್ಸ್‌ಮಿಶನ್ ಆಯಿಲ್) ಎಂದು ಬರೆದಿರುವ ಆಯಿಲನ್ನು ಇಪ್ಪತ್ತು ಲೀಟರಿನ ಬಕೆಟಿನಲ್ಲಿ ತಂದೆ. ಬೆಲೆ ಕೇಳಿದಾಗ ಮನಸ್ಸು ತುಸು ಹಿಂಜರಿಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಇಳಿಸುವ ಕೆಲಸಕ್ಕೆ ಅಂಗಳವೇ ಜಾಗ. ಅಡಿಕೆ ಒಣಗಿಸುವ ಅಂಗಳ ಸಮತಟ್ಟೆಂದು ಕಣ್ಣಿಗೆ ತೋರಿದರೂ ಮಳೆನೀರು ಹರಿಯಲೆಂದು ಒಂದು ಬದಿಗೆ ಇಳಿಜಾರಾಗಿರುತ್ತದೆ. ಅಲ್ಲಿ ನಿಲ್ಲಿಸಿ ಕಡ್ಡಿ ನೋಡಿದರೆ ಅಳತೆ ಸುಳ್ಳಾಗುತ್ತದೆ. ತಗ್ಗಿನ ಬದಿಯ ಚಕ್ರಗಳ ಕೆಳಗೆ ಹಲಗೆ ಕೊಟ್ಟು, ನೀರು ತುಂಬಿದ ಪೈಪಿನಿಂದ ಮಟ್ಟ ನೋಡಿಕೊಂಡೆ. ಲಿಫ್ಟಿನ ಕೈಗಳನ್ನು ಪೂರ್ತಿ ಕೆಳಗಿಳಿಸಿರಬೇಕು, ಇಲ್ಲವಾದರೆ ಸಿಲಿಂಡರಿನೊಳಗೆ ಒಂದಷ್ಟು ಹಳೆಯ ಆಯಿಲ್ ಉಳಿದುಬಿಡುತ್ತದೆ. ಹೀರುವ ಬದಿಯ ಜಾಲರಿಯನ್ನು ತೆಗೆದು ಡೀಸೆಲಿನಲ್ಲಿ ತೊಳೆದೆ. ಅಡಿಯ ಬೋಲ್ಟಿನ ಅಯಸ್ಕಾಂತದಲ್ಲಿ ಕಾಡಿಗೆಯಂತಹ ನುಣ್ಣನೆಯ ಕಪ್ಪು ಅಂಟಿಕೊಂಡಿತ್ತು, ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರುಗಳೇನಾದರೂ ಸಿಕ್ಕಿದ್ದರೆ ನಾನು ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಯುತ್ತಿದ್ದೆ.

ಮುಂದಿನ ಆಕ್ಸಲಿನ ಸರದಿ ಬಂದಾಗ ಸಿಟ್ಟು ಬಂತು. ಕೆಳಗಿನ ಬೋಲ್ಟಿಗೆ ಕೈ ಹಾಕುವ ಮೊದಲು ಮೇಲಿನದು ಸಡಿಲವಾಗುತ್ತದೆಯೋ ನೋಡಿಕೊಳ್ಳಬೇಕೆಂಬುದು ಇದ್ದದ್ದೇ, ಏಕೆಂದರೆ ಇದ್ದುದನ್ನೆಲ್ಲ ಇಳಿಸಿಯಾದ ಮೇಲೆ ತುಂಬುವ ತೂತು ತೆರೆಯದಿದ್ದರೆ ಗಾಡಿ ಅಲ್ಲೇ ಕೂರುತ್ತದೆ. ಹಾಗೆ ನೋಡಲು ಹೋದಾಗ ಆ ಬೋಲ್ಟಿನ ಸುತ್ತ ಕಾರ್ಖಾನೆಯ ಬಣ್ಣ ಒಂದಿಷ್ಟೂ ಬಿರಿಯದೆ ಹಾಗೆಯೇ ಇತ್ತು. ಮೂರು ಸಲ ಸರ್ವಿಸಿಗೆ ಕೊಟ್ಟಾಗಲೂ ಬಿಲ್ಲಿನಲ್ಲಿ ಮುಂದಿನ ಆಕ್ಸಲಿನ ಆಯಿಲ್ ಬದಲಿಸಿದ್ದಕ್ಕೆ ದುಡ್ಡು ಹಿಡಿದಿದ್ದರು. ಮನೆಯಲ್ಲೇ ಮಾಡಿಕೊಳ್ಳುವುದೆಂದು ನಾನು ಗಟ್ಟಿಯಾಗಿ ನಿರ್ಧರಿಸಿದ್ದು ಆ ಬಣ್ಣವನ್ನು ನೋಡಿದ ಮೇಲೆಯೇ. ಆಯಿಲ್ ಇಳಿಸುವ ತೂತಿನ ಕೆಳಗೆ ಆಕ್ಸಲಿನ ಅಡ್ಡಪಟ್ಟಿ ಇರುವುದರಿಂದ ಆಯಿಲ್ ಎಲ್ಲೆಲ್ಲಿಗೋ ಹರಿಯುತ್ತದೆ. ಒಂದು ಅಡಿಕೆ ಹಾಳೆಯನ್ನು ನೆನೆಸಿ ದೋಣಿಯಂತೆ ಮಡಚಿ ಸಿಕ್ಕಿಸಿದರೆ ಒಂದು ಹನಿಯೂ ಹೊರಗೆ ಹೋಗದೆ ಕ್ಯಾನಿಗೆ ಬೀಳುತ್ತದೆ. ಅಂಗಡಿಯಲ್ಲಿ ಸಿಗುವ ಯಾವ ಆಲಿಕೆಯೂ ಆ ಇಕ್ಕಟ್ಟಿಗೆ ಹೊಂದುವುದಿಲ್ಲ.

ಎಂಜಿನ್ನಿನದು ಸುಲಭದ ಕೆಲಸ: ಬಿಸಿಯಿರುವಾಗ ಇಳಿಸಿ, ಫಿಲ್ಟರ್ ಬದಲಿಸಿ, ತುಂಬುವುದು. ಒಂದು ಎಚ್ಚರ ಮಾತ್ರ ಬೇಕು. ಹಳೆಯ ಫಿಲ್ಟರಿನ ರಬ್ಬರ್ ಬಳೆ ಕೆಲವೊಮ್ಮೆ ಎಂಜಿನ್ನಿಗೇ ಅಂಟಿಕೊಂಡು ಉಳಿಯುತ್ತದೆ. ಅದರ ಮೇಲೆಯೇ ಹೊಸ ಫಿಲ್ಟರನ್ನು ತಿರುಗಿಸಿದರೆ ಸ್ಟಾರ್ಟ್ ಮಾಡಿದೊಡನೆ ಇದ್ದಬದ್ದ ಆಯಿಲೆಲ್ಲ ನೆಲಕ್ಕೆ ಬರುತ್ತದೆ. ನನಗೆ ಅದು ಹೋದ ವರ್ಷ ಆಗಿತ್ತು, ಅಂಗಳದ ಕಲೆ ಇನ್ನೂ ಇದೆ.

ರೇಡಿಯೇಟರಿಗೆ ಇಲ್ಲಿ ಅನೇಕರು ಸುರಂಗದ, ಅಂದರೆ ನೀರಿಗಾಗಿ ಗುಡ್ಡದ ಮುರಕಲ್ಲನ್ನು (ಕೆಂಪು ಕಲ್ಲನ್ನು) ಅಡ್ಡಕ್ಕೆ ಕೊರೆದ ಬಿಲದ, ನೀರನ್ನೇ ಹೊಯ್ಯುತ್ತಾರೆ. ಮಂಜುಗಡ್ಡೆ ಕಾಣದ ಊರಿಗೆ ಕೂಲಂಟ್ ಯಾಕೆಂಬುದು ಅವರ ವಾದ. ಆದರೆ ಮುರಕಲ್ಲಿನ ನೀರಿಗೆ ತುಸು ಆಮ್ಲದ ಗುಣವಿದೆ, ಒಳಗಿನ ಲೋಹವನ್ನು ಅದು ಮೆಲ್ಲಗೆ ತಿನ್ನುತ್ತದೆ. ಕೂಲಂಟಿನಲ್ಲಿರುವ ತುಕ್ಕುನಿರೋಧಕವೇ ನಮಗೆ ಬೇಕಾದದ್ದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನೊಂದಿಗೆ ಅರ್ಧಕ್ಕರ್ಧ ಬೆರೆಸಿ, ಎಂಜಿನ್ ಪೂರ್ತಿ ತಣಿದ ಮೇಲೆ ತುಂಬಿದೆ.

ಇಳಿಸಿದ ಆಯಿಲ್ ಎಲ್ಲ ಸೇರಿ ಇಪ್ಪತ್ತೈದು ಲೀಟರಿಗಿಂತ ಹೆಚ್ಚಾಯಿತು. ಒರಲೆ ಹಿಡಿಯದಿರಲೆಂದು ಬೇಲಿಯ ಕಂಬಗಳಿಗೆ ಬಳಿಯಲು ನೆರೆಯವರು ಕೇಳಿದರು, ಕೊಡಲಿಲ್ಲ. ನಮ್ಮ ಕುಡಿಯುವ ನೀರು ಮೇಲಿನ ಗುಡ್ಡದ ಸುರಂಗದಿಂದ ಬರುತ್ತದೆ, ಅವರ ಬಾವಿ ನಮ್ಮ ಬೇಲಿಯಿಂದ ಕೆಳಗಿದೆ, ಮುರಕಲ್ಲು ಎಂಬುದು ತೂತುತೂತಿನ ಕಲ್ಲು. ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೂ ಬರುತ್ತದೆ. ಕ್ಯಾನುಗಳನ್ನು ಮುಚ್ಚಿ, ಹಳೆಯ ಆಯಿಲನ್ನು ಕ್ರಮಬದ್ಧವಾಗಿ ಸಂಗ್ರಹಿಸುವವರಿಗೆ ಕೊಡುವ ಗ್ಯಾರೇಜಿಗೆ ಒಯ್ದು ಒಪ್ಪಿಸಿದೆ.

ನೀರು ಸೇರಿದ ಗೇರ್‌ಬಾಕ್ಸ್ ಒಂದೇ ಸಲಕ್ಕೆ ಶುದ್ಧವಾಗುವುದಿಲ್ಲ, ಸಂದುಗಳಲ್ಲಿ ಹಳೆಯದು ಉಳಿದಿರುತ್ತದೆ. ಇಪ್ಪತ್ತು ಗಂಟೆ ಓಡಿಸಿ ಡಿಸೆಂಬರಿನಲ್ಲಿ ಮತ್ತೊಮ್ಮೆ ಇಳಿಸಿದಾಗ ಬಣ್ಣ ಬಹುಪಾಲು ತಿಳಿಯಾಗಿತ್ತು, ಕಾವಲಿಯ ಮೇಲೆ ಒಂದೆರಡು ಗುಳ್ಳೆಗಳು ಮಾತ್ರ ಎದ್ದವು. ಆ ಒಂದೆರಡು ಗುಳ್ಳೆಯೂ ಏಕೆಂದು ಹುಡುಕುತ್ತ ಹೋದಾಗ ಗೇರ್ ಲಿವರಿನ ಬುಡದ ರಬ್ಬರ್ ಹೊದಿಕೆ ಹಿಂಬದಿಯಲ್ಲಿ ಬೆರಳುದ್ದ ಹರಿದಿರುವುದು ಕಂಡಿತು. ಶೆಡ್ಡಿಗೆ ಹೊಡೆಯುವ ಮಳೆಯ ಎರಚಲು ಮಳೆಗಾಲದ ಆಟಿ ತಿಂಗಳಿಡೀ ಅಲ್ಲಿಂದ ಇಳಿದಿರಬೇಕು. ಪೂಜೆಗೆಂದು ನಾನೇ ಪ್ರೆಷರ್ ಪಂಪಿನಿಂದ ಹಾಯಿಸಿದ ನೀರೂ ಅದೇ ದಾರಿ ಹಿಡಿದಿರಬೇಕು. ಹೊಸ ಹೊದಿಕೆಗೆ ಮಂಗಳೂರಿನಲ್ಲಿ ಹೇಳಿಟ್ಟಿದ್ದೇನೆ. ಅದು ಬರುವವರೆಗೆ ಸೈಕಲ್ ಟ್ಯೂಬಿನ ತುಂಡೊಂದನ್ನು ಸುತ್ತಿ ತಂತಿಯಿಂದ ಬಿಗಿದಿದ್ದೇನೆ.