ಗುಡ್ಡ ಗೊತ್ತಿರುವ ಕುರಿಗಳು

ಮೇ ಕೊನೆಯ ವಾರ, ಮಗಳ ಶಾಲೆಗೆ ರಜೆ. ಮ್ಯಾಂಚೆಸ್ಟರಿನಿಂದ ಕಾರಿನಲ್ಲಿ ಹೊರಟು ಲೇಕ್ ಡಿಸ್ಟ್ರಿಕ್ಟಿನ ಬಾರೋಡೇಲ್ ಕಣಿವೆಗೆ ಬಂದೆವು. ರೈತರೊಬ್ಬರ ಮನೆಯಲ್ಲಿ ಎರಡು ದಿನಕ್ಕೆ ಕೋಣೆ ಹಿಡಿದಿದ್ದೆವು. ಗುಡ್ಡ ಹತ್ತೋದು, ದೋಣಿಯಲ್ಲಿ ಸುತ್ತೋದು ಅಂತ ನಮ್ಮ ಯಜಮಾನರು ದೊಡ್ಡ ಪಟ್ಟಿ ಮಾಡಿದ್ದರು. ಬೆಳಿಗ್ಗೆ ಎದ್ದರೆ ಮಳೆ! ಈ ಕಣಿವೆಯ ತುದಿಯ ಸೀತ್‌ವೇಟ್ ಇಂಗ್ಲೆಂಡಿನಲ್ಲೇ ತುಂಬ ಮಳೆ ಬೀಳುವ ಊರುಗಳಲ್ಲೊಂದು, ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ. ಆಗುಂಬೆ ಕಡೆಯವಳಿಗೆ ಅದೇನು ಮಹಾ, ಅರ್ಧ ಮಳೆಗಾಲವೂ ಅಲ್ಲ. ಪಟ್ಟಿ ಮಡಚಿಟ್ಟು, ಸುಮ್ನೆ ಕುರಿ ನೋಡೋಣ ಅಂತ ಹಿತ್ತಲಿಗೆ ಹೋದೆವು. ಇಡೀ ದಿನ ಅಲ್ಲೇ ಕಳೆಯಿತು.

ಈ ಕುರಿಗಳ ತಳಿ ಹರ್ಡ್‌ವಿಕ್. ಬೆಳ್ಳನೆಯ ಮುಖ, ನಗುತ್ತಿರುವ ಹಾಗಿರುವ ಬಾಯಿ, ಬೂದಿ ಬಣ್ಣದ ಮೈ. ಮರಿಗಳು ಮಾತ್ರ ಇದ್ದಿಲಿನ ಹಾಗೆ ಕಪ್ಪು. ಬೆಳೆಯುತ್ತಾ ಕಂದಾಗಿ, ಆಮೇಲೆ ಬೂದಿಯಾಗುತ್ತವೆ. ಯಜಮಾನರ ತಲೆ ನೋಡಿ, "ನಮ್ಮದೂ ಹಾಗೇ ಅಲ್ವಾ?" ಅಂದೆ. ಅವರಿಗೆ ನಗು ಬರಲಿಲ್ಲ.

ಅಂಗಳದ ಮೂಲೆಯಲ್ಲಿ ಒಂದು ತಬ್ಬಲಿ ಮರಿ ಇತ್ತು. ಮನೆಯಾಕೆ ಮಗಳ ಕೈಗೆ ಹಾಲಿನ ಬಾಟಲಿ ಕೊಟ್ಟರು. ತಾಯಿಯ ಕೆಚ್ಚಲಿಗೆ ಗುದ್ದುವ ಹಾಗೆ ಅದು ಬಾಟಲಿಗೆ ಗುದ್ದಿ ಗುದ್ದಿ ಕುಡಿಯಿತು. ಬಾಲ ಒಂದೇ ಸಮನೆ ಪಟಪಟ. ಎರಡೇ ನಿಮಿಷಕ್ಕೆ ಹಾಲು ಮುಗಿದು ಬರೀ ಗಾಳಿ ಎಳೆಯುವ ಸದ್ದು. ಮೂತಿಯ ನೊರೆಯನ್ನೆಲ್ಲ ಮಗಳ ಪ್ಯಾಂಟಿಗೆ ಒರೆಸಿ, ಅವಳು ಹೋದಲ್ಲೆಲ್ಲ ಹಿಂದೆ ಹಿಂದೆ ಬರತೊಡಗಿತು.

ಮಧ್ಯಾಹ್ನ ಮಳೆ ಹೊಳವಾದಾಗ ರೈತ ಗುಡ್ಡದ ಕಡೆ ಕೈ ತೋರಿಸಿದರು. ಕೆಳಗಿನ ಗದ್ದೆಗಳಿಗೆ ಕಲ್ಲಿನ ಪಾಗಾರವಿದೆ, ಮೇಲೆ ಬೇಲಿ ಗೀಲಿ ಏನೂ ಇಲ್ಲ. ಆದರೂ ಇವರ ಕುರಿಗಳು ತಮ್ಮ ಜಾಗ ಬಿಟ್ಟು ಹೋಗುವುದು ಕಡಿಮೆಯಂತೆ. ಆ ಜಾಗಕ್ಕೆ ಇಲ್ಲಿಯವರು 'ಹೀಫ್' ಅನ್ನುತ್ತಾರೆ. ತಾಯಿಯ ಜೊತೆ ಮೇಯುತ್ತಾ ಮರಿ ಅದನ್ನು ಕಲಿಯುತ್ತದೆ, ಮುಂದೆ ತನ್ನ ಮರಿಗೆ ಕಲಿಸುತ್ತದೆ. ಹಾಗಾಗಿಯೇ ಎಷ್ಟೋ ಕಡೆ ಜಮೀನು ಕೈ ಬದಲಾದರೂ ಹಿಂಡು ಜಮೀನಿನ ಜೊತೆಗೇ ಉಳಿಯುತ್ತದೆ. 2001ರಲ್ಲಿ ಕಾಲುಬಾಯಿ ರೋಗ ಬಂದಾಗ ಬ್ರಿಟನ್ನಿನಲ್ಲಿ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಆಗ ಈ ಕಡೆಯವರಿಗೆ ಇದ್ದ ದೊಡ್ಡ ಭಯ ಇದೇ. ದುಡ್ಡು ಕೊಟ್ಟರೆ ಕುರಿ ಸಿಗುತ್ತದೆ, ಗುಡ್ಡ ಗೊತ್ತಿರುವ ಕುರಿ ಎಲ್ಲಿಂದ ತರೋದು?

ತುಪ್ಪಟ ಮುಟ್ಟಿ ನೋಡಿದೆ. ಒರಟು, ಕೈಗೆಲ್ಲ ಜಿಡ್ಡು. ಥೇಟ್ ನಮ್ಮಜ್ಜನ ಕಂಬಳಿ. ಕಾರ್ಪೆಟ್ಟಿಗೆ ಚೆನ್ನಾಗಿದೆ, ಆದರೆ ಮಾರಿದರೆ ಕತ್ತರಿಸಿದ ಕೂಲಿಯೂ ಗಿಟ್ಟೋದಿಲ್ಲ ಅಂದರು. ಅಡಿಕೆ ರೇಟು ಬಿದ್ದ ವರ್ಷ ಅಪ್ಪ ಮಾತಾಡುತ್ತಿದ್ದ ಅದೇ ಧಾಟಿ.

ಮಗಳಿಗೆ ಅವರು ಕುರಿ ಎಣಿಸುವ ಹಳೇ ಲೆಕ್ಕವನ್ನೂ ಕಲಿಸಿದರು. ಯಾನ್, ಟ್ಯಾನ್, ಟೆದೆರಾ, ಮೆದೆರಾ, ಪಿಂಪ್. ಪಿಂಪ್ ಅಂದರೆ ಐದು. ಈಗ ಮನೆಯಲ್ಲಿ ಇಡ್ಲಿಯನ್ನೂ ಹೀಗೇ ಎಣಿಸುತ್ತಾಳೆ.

ನಾಲ್ಕು ಗಂಟೆಗೆ ಊರಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಊಟದ ಹೊತ್ತು.

"ಅಷ್ಟು ದುಡ್ಡು ಕೊಟ್ಟು ಕುರಿ ನೋಡಕ್ಕೆ ಹೋದ್ರೇನೇ?" ಅಂದರು ಅಮ್ಮ. ಆಮೇಲೆ ಕನ್ನಡಕ ಹಾಕಿಕೊಂಡು, "ಮಳೇಲಿ ಹಂಗೇ ಬಿಟ್ಟಿದಾರಲ್ಲೇ, ಒಂದು ಕೊಟ್ಟಿಗೆ ಇಲ್ವಾ ಪಾಪ?"

"ಚಳಿಗಾಲದಲ್ಲೂ ಹೊರಗೇ ಇರ್ತಾವಂತಮ್ಮ, ಹಿಮ ಬಿದ್ರೂ."

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ತಬ್ಬಲಿ ಮರಿ ಅಷ್ಟರಲ್ಲಿ ನನ್ನ ಜಾಕೆಟ್ಟಿನ ದಾರ ಬಾಯಿಗೆ ಹಾಕಿಕೊಂಡು ಎಳೆಯುತ್ತಿತ್ತು.

"ಆ ಮರೀನ ಇನ್ನೊಂದ್ಸಲ ತೋರ್ಸು" ಅಂದರು.