ನೀರು ಬ್ಯಾಡ ಕಣವ್ವ

ಏಪ್ರಿಲ್ 9, 2025, ಬುಧವಾರ
ತುಮಕೂರು

ನಾಳೆ ಮಹಾವೀರ ಜಯಂತಿ, ಕೋರ್ಟಿಗೆ ರಜೆ. ಬೆಳಿಗ್ಗೆ ಬೇಗ ಏಳಬೇಕಿಲ್ಲ ಅನ್ನುವ ಧೈರ್ಯದಲ್ಲಿ ಇಷ್ಟು ಹೊತ್ತಾದರೂ ಬರೆಯಲು ಕೂತಿದ್ದೀನಿ. ನಾನು ಕೆಲಸ ಮಾಡುವ ವಕೀಲರ ಆಫೀಸಿನದು ಬರೆಯುವಂಥದ್ದೇನಿಲ್ಲ. ಅಫಿಡವಿಟ್ಟು, ವಕಾಲತ್ತು, ಸರ್ ಹುಡುಕಿ ಹುಡುಕಿ ಬೈದ ಒಂದು ಫೈಲು, ಹೊರಗೆ ಸುಡುವ ಬಿಸಿಲು. ಅಷ್ಟೇ.

ಸಂಜೆ ಬಸ್ಸಿಗೆ ನಿಲ್ಲುವ ಕಡೆ ನಮ್ಮ ಹೂವಿನಜ್ಜಿ ಗೋಡೆಗೆ ಒರಗಿ ಕೂತಿದ್ದಳು. ಯಾವತ್ತೂ ಒರಗಿ ಕೂರುವವಳಲ್ಲ. ಕೈ ಮಾತ್ರ ಕೆಲಸ ಮಾಡುತ್ತಿತ್ತು. ಬುಟ್ಟಿಯ ಮೇಲಿನ ಒದ್ದೆ ಬಟ್ಟೆಗೆ ಡಬ್ಬಿಯಿಂದ ನೀರು ಚಿಮುಕಿಸುವುದು, ಮತ್ತೆ ಕಣ್ಣು ಮುಚ್ಚುವುದು.

"ಯಾಕಜ್ಜಿ, ಮುಖ ಬಾಡೋಗಿದೆ?"

"ತಲೆ ಸುತ್ತದಂಗೆ ಆಗ್ತೈತೆ ಕಣವ್ವ. ಬಿಸ್ಲು."

ನನ್ನ ಬಾಟಲಿ ಕೊಟ್ಟೆ. ತಗೊಂಡಳು, ಬಾಯಿಗೆ ಹಾಕಿಕೊಂಡು ಮುಕ್ಕಳಿಸಿ ಚರಂಡಿಗೆ ಉಗಿದಳು. ಮತ್ತೊಂದು ಸ್ವಲ್ಪ ಕೈಗೆ ಹಾಕಿ ಕಣ್ಣಿಗೆ, ಕತ್ತಿಗೆ ಒರೆಸಿಕೊಂಡಳು. ಬಾಟಲಿ ವಾಪಸ್ಸು ಕೊಟ್ಟಳು.

"ಕುಡಿಯಜ್ಜಿ. ಪೂರ್ತಿ ಕುಡಿ, ನಾನು ಮನೆಗೆ ಹೋಗ್ತಿದ್ದೀನಿ."

"ನೀರು ಬ್ಯಾಡ ಕಣವ್ವ. ಕುಡುದ್ರೆ ಎಲ್ಲಿಗೋಗ್ಲಿ?"

ಬಸ್ಸು ಬಂತು, ಹೋಯ್ತು. ನಾನು ಹತ್ತಲಿಲ್ಲ. ಅಜ್ಜಿಯ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತೆ. ಅವಳು ಹೂವಿನ ರೇಟು ಹೇಳುವ ದನಿಯಲ್ಲೇ ಹೇಳುತ್ತಾ ಹೋದಳು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಂದು ಲೋಟ ಕಾಫಿ. ಹೆಬ್ಬೂರಿನ ಕಡೆಯಿಂದ ಮೊದಲನೇ ಬಸ್ಸು. ಅಂತರಸನಹಳ್ಳಿ ಮಾರ್ಕೆಟ್ಟಿನಲ್ಲಿ ಹೂವು ಹಿಡಿದು ಇಲ್ಲಿಗೆ ಬಂದು ಕೂರುವುದು. ಮಧ್ಯಾಹ್ನ ಮುದ್ದೆ ನುಂಗುವಾಗ ಎರಡು ಗುಟುಕು ನೀರು, ಅದೂ ಮುದ್ದೆ ಇಳಿಯಲಿ ಅಂತ. ಆಮೇಲೆ ಊರು ಮುಟ್ಟುವವರೆಗೆ ಏನೂ ಇಲ್ಲ. ರಾತ್ರಿ ಮನೆಗೆ ಹೋದ ಮೇಲೆ ಚೊಂಬು ಎತ್ತಿದರೆ ಇಳಿಸುವುದಿಲ್ಲವಂತೆ.

"ಹತ್ತಿರದಲ್ಲಿ ಒಂದು ಶೌಚಾಲಯ ಇದೆಯಲ್ಲ ಅಜ್ಜಿ?"

"ಐತೆ. ಓಗಿ ಬರಾಕೆ ಅರ್ಧ ಗಂಟೆ, ನನ್ನ ಕಾಲಾಗೆ. ಅಷ್ಟೊತ್ತು ಬುಟ್ಟಿ ನೋಡ್ಕಳೋರ್ಯಾರು? ಜಾಗ ನೋಡ್ಕಳೋರ್ಯಾರು? ಎದ್ದು ಓಗಿ ಬರಾ ಹೊತ್ಗೆ ಯಾರೋ ಬೈಕು ನಿಲ್ಸಿರ್ತಾರೆ. ಅಲ್ಲಿ ದುಡ್ಡು ಬ್ಯಾರೆ ಕೊಡ್ಬೇಕು. ಬಸ್ಸು ಪುಕ್ಸಟ್ಟೆ ಬುಡ್ತಾರೆ, ಉಚ್ಚೆ ಉಯ್ಯಾಕೆ ಐದು ರೂಪಾಯಿ!"

ಒಂದು ಮೊಳದಲ್ಲಿ ಅವಳಿಗೆ ಉಳಿಯುವುದೇ ಅಷ್ಟು. ಅದೂ ವಿಶೇಷದ ದಿನ.

"ಊರಾಗೆ ಸರ್ಕಾರ್ದೋರು ದುಡ್ಡು ಕೊಟ್ರು, ಮಗ ಕಕ್ಕಸು ಕಟ್ಟಿಸ್ದ. ಬಾಕ್ಲು, ಚಿಲ್ಕ, ಎಲ್ಲ ಐತೆ. ಜೀವ್ಮಾನೆಲ್ಲ ಬಯಲಿಗೋದೋಳು ನಾನು, ಈಗ ಹಿತ್ಲಾಗೇ ಐತೆ. ಆದ್ರೆ ಹಗಲೊತ್ತು ನಾನಿರಾದು ಇಲ್ಲಿ, ಕಕ್ಕಸಿರಾದು ಅಲ್ಲಿ."

ಆಮೇಲೆ ಸ್ವಲ್ಪ ದನಿ ಇಳಿಸಿ, ಉರಿ ಬರುತ್ತೆ ಅಂದಳು. ಮೇಲಿಂದ ಮೇಲೆ ಬರುತ್ತಂತೆ. ಡಾಕ್ಟರು ಮಾತ್ರೆ ಕೊಟ್ಟು ನೀರು ಕುಡಿ, ನೀರು ಕುಡಿ ಅನ್ನುತ್ತಾರಂತೆ. "ಅವ್ರ ಕೋಣೆ ಪಕ್ದಾಗೇ ಐತಲ್ಲವ್ವ, ಅವ್ರೇನು ಕುಡೀತಾರೆ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಬುಟ್ಟಿ ನಾನು ನೋಡಿಕೊಳ್ಳುತ್ತೀನಿ, ಹೋಗಿ ಬಾ ಅಂದೆ. ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಎದ್ದಳು. ಸೀರೆ ಕೊಡವಿಕೊಂಡು, ಸೊಂಟ ಹಿಡಿದುಕೊಂಡು, ಬಿ.ಎಚ್. ರಸ್ತೆಯ ಗಾಡಿಗಳ ನಡುವೆ ಕೈ ಅಡ್ಡ ಹಿಡಿಯುತ್ತಾ ಆಚೆ ದಾಟಿದಳು. ಅವಳು ಬರುವಷ್ಟರಲ್ಲಿ ಎರಡು ಮೊಳ ಮಲ್ಲಿಗೆ, ಒಂದು ಮೊಳ ಕನಕಾಂಬರ ಮಾರಿದೆ. ಮೊಳ ಹಾಕಲು ಬರದೆ ಜಾಸ್ತಿಯೇ ಕೊಟ್ಟಿರಬೇಕು, ಅಜ್ಜಿ ಏನೂ ಅನ್ನಲಿಲ್ಲ. ಬಂದವಳೇ ನನ್ನ ಬಾಟಲಿ ಇಸಿದುಕೊಂಡು ಗಟಗಟ ಅರ್ಧ ಕುಡಿದಳು.

ಮನೆಗೆ ಬಂದರೆ ಇನ್ನೊಂದು ಲೋಕ. ನಿನ್ನೆ ಪಿಯುಸಿ ರಿಸಲ್ಟ್ ಬಂತಲ್ಲ, ಪಕ್ಕದ ಮನೆಯವರು ಇವತ್ತು ಹೋಳಿಗೆ ಮಾಡಿ ಕೊಟ್ಟಿದ್ದಾರೆ. ನಮ್ಮ ಮಗಳದೂ ಫಸ್ಟ್ ಕ್ಲಾಸು. ಅವಳಜ್ಜ ಫೋನಿನಲ್ಲಿ ಎಷ್ಟು ಜೋರಾಗಿ ಖುಷಿಪಟ್ಟರೆಂದರೆ ಅಡುಗೆಮನೆಗೆ ಕೇಳಿಸುತ್ತಿತ್ತು. ಮುಂದಿನ ಬುಧವಾರ ಸಿಇಟಿ, ಬೆಳಗಿನಿಂದ ಸಂಜೆಯವರೆಗೆ ಕೋಚಿಂಗು. ತೊಳೆಯಲೆಂದು ಅವಳ ಬಾಟಲಿ ತೆಗೆದರೆ ಭಾರ. ಬೆಳಿಗ್ಗೆ ನಾನೇ ತುಂಬಿಸಿದ ನೀರು ಕತ್ತಿನವರೆಗೂ ಹಾಗೇ ಇತ್ತು.

"ಯಾಕೆ ಕುಡಿದಿಲ್ಲ?"

"ಅಲ್ಲಿ ಟಾಯ್ಲೆಟ್ ಚೆನ್ನಾಗಿಲ್ಲಮ್ಮ."

ಚೆನ್ನಾಗಿಲ್ಲ ಅಂದರೆ ಏನು ಅಂತ ಬಿಡಿಸಿ ಕೇಳಿದೆ. ಹುಡುಗಿಯರಿಗೆ ಇರುವುದು ಒಂದು. ಚಿಲಕ ಕಿತ್ತುಹೋಗಿದೆ, ಇಬ್ಬರು ಹೋಗಿ ಒಬ್ಬಳು ಬಾಗಿಲು ಹಿಡಿದುಕೊಳ್ಳಬೇಕು. ಬ್ಯಾಗು ನೇತುಹಾಕಲು ಮೊಳೆ ಇಲ್ಲ. ಪ್ಯಾಡು ಹಾಕಲು ಡಬ್ಬಿ ಇಲ್ಲ, ಆ ದಿನಗಳಲ್ಲಿ ಕೆಲವರು ಬರುವುದೇ ಇಲ್ಲವಂತೆ. "ಹೇಗೂ ಪ್ರಾಕ್ಟೀಸ್ ಆಗತ್ತೆ ಬಿಡಮ್ಮ, 80 ನಿಮಿಷದಲ್ಲಿ 60 ಪ್ರಶ್ನೆ, ಪರೀಕ್ಷೆ ಮಧ್ಯೆ ಎದ್ದು ಹೋಗಕ್ಕಾಗಲ್ಲ" ಅಂದಳು. ಹದಿನೇಳು ವರ್ಷದವಳು, ಬಾಯಾರಿಕೆ ತಡೆಯುವುದನ್ನು ಪ್ರಾಕ್ಟೀಸ್ ಅನ್ನುತ್ತಾಳೆ. ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ನಾಳೆ ರಜೆಯಿದೆಯಲ್ಲ, ಆ ಕೋಚಿಂಗಿನವರ ಮುಂದೆ ಹೋಗಿ ನಿಂತೇ ನಿಲ್ಲುತ್ತೀನಿ.

ಹೆಂಗಸರ ಮೂತ್ರನಾಳ ಗಿಡ್ಡ, ಸೋಂಕು ಬೇಗ ಒಳಗೆ ಏರುತ್ತದೆ. ನೀರು ಕಡಿಮೆ ಕುಡಿದು, ಬಂದದ್ದನ್ನು ಗಂಟೆಗಟ್ಟಲೆ ತಡೆದರೆ ಆ ಸೋಂಕಿಗೆ ದಾರಿ ಮಾಡಿಕೊಟ್ಟ ಹಾಗೆ. ಕಿಡ್ನಿಯಲ್ಲಿ ಕಲ್ಲು ಕಟ್ಟುವುದಕ್ಕೂ ನೀರು ಸಾಲದಿರುವುದು ದೊಡ್ಡ ಕಾರಣ. ಬಸುರಿಯರಿಗೆ ಪದೇಪದೇ ಹೋಗಲೇಬೇಕು, ಸಕ್ಕರೆ ಕಾಯಿಲೆಯವರಿಗೂ ಹಾಗೇ. ಈ ಏಪ್ರಿಲ್ ಬಿಸಿಲಿನಲ್ಲಿ ದಿನವಿಡೀ ಬೀದಿಯಲ್ಲಿ ಕೂತವರಿಗೆ ನೀರಿಲ್ಲದಿದ್ದರೆ ತಲೆ ಸುತ್ತುವುದು ಬರೀ ಶುರು. ಇದೆಲ್ಲ ಎಲ್ಲರಿಗೂ ಗೊತ್ತಿರುವುದೇ. ಬೇಸಿಗೆ ಬಂದರೆ ಪೇಪರಿನಲ್ಲಿ, ರೇಡಿಯೋದಲ್ಲಿ ಹೆಚ್ಚು ನೀರು ಕುಡಿಯಿರಿ ಅಂತ ಹೇಳುತ್ತಲೇ ಇರುತ್ತಾರೆ. ಕುಡಿದ ಮೇಲಿನದನ್ನು ಯಾರೂ ಹೇಳುವುದಿಲ್ಲ.

ನಮ್ಮೂರಿನ ಗೋಡೆಗಳ ಮೇಲೆ 'ಇಲ್ಲಿ ಮೂತ್ರ ವಿಸರ್ಜನೆ ಮಾಡಬಾರದು' ಅಂತ ಎಷ್ಟು ಕಡೆ ಬರೆದಿದೆ. ಕೆಲವು ಕಡೆ ದೇವರ ಚಿತ್ರದ ಟೈಲ್ಸು ಅಂಟಿಸಿದ್ದಾರೆ. ಅದರಲ್ಲಿ ಒಂದಾದರೂ ಹೆಂಗಸರಿಗೆ ಬರೆದದ್ದಲ್ಲ. ನಾವು ಹೋಗುವುದಿಲ್ಲ, ಹಾಗಾಗಿ ನಮಗೆ ಬೇಕಾಗಿದೆ ಅಂತಲೂ ಯಾರಿಗೂ ಕಾಣುವುದಿಲ್ಲ. ಗಂಡಸರನ್ನು ಬೈಯಲು ಹೇಳುತ್ತಿಲ್ಲ. ಸಕ್ಕರೆ ಇರುವ ನಮ್ಮಪ್ಪ ಪೇಟೆಗೆ ಬಂದರೆ ಅವರಿಗೂ ಗೋಡೆಯೇ ಗತಿ, ಅದಕ್ಕೆ ಅವರು ಪಡುವ ನಾಚಿಕೆ ನಾನು ನೋಡಿದ್ದೀನಿ. ಆದರೆ ಗೋಡೆಯ ಬುಡದಲ್ಲಿ ಆದದ್ದು ಕಣ್ಣಿಗೆ ಕಾಣುತ್ತೆ, ವಾಸನೆ ಬರುತ್ತೆ, ದೂರು ಹೋಗುತ್ತೆ, ಮೂತ್ರಾಲಯ ಕಟ್ಟುತ್ತಾರೆ. ಹೆಂಗಸು ತಡೆದುಕೊಂಡದ್ದು ಅವಳ ಹೊಟ್ಟೆಯೊಳಗೇ ಉಳಿಯುತ್ತೆ.

ಯಾರ್ಯಾರು ಹೀಗೆ ತಡೆದುಕೊಂಡಿರುತ್ತಾರೆ ಅಂತ ಪಾತ್ರೆ ತೊಳೆಯುತ್ತಾ ಲೆಕ್ಕ ಹಾಕಿದೆ. ಸೂರ್ಯ ಹುಟ್ಟುವ ಮೊದಲೇ ಪೊರಕೆ ಹಿಡಿದು ರಸ್ತೆಗಿಳಿಯುವ ಪೌರಕಾರ್ಮಿಕರು. ಸರ್ಕಲ್ಲಿನಲ್ಲಿ ನಿಂತ ಲೇಡಿ ಪೊಲೀಸು. ಮಂಡಿಪೇಟೆಯಲ್ಲಿ ಕಾಳು ಜರಡಿ ಹಿಡಿಯುವವರು. ನಮ್ಮ ಚಿಕ್ಕಮ್ಮನ ಮಗಳು ಬಸ್ ಕಂಡಕ್ಟರು, ಒಂದು ಟ್ರಿಪ್ ಮುಗಿದು ಇನ್ನೊಂದಕ್ಕೆ ಹೊರಡುವ ಮಧ್ಯೆ ಲೆಕ್ಕ ಬರೆಯಲೇ ಹೊತ್ತು ಸಾಲದು, ಮಧ್ಯಾಹ್ನದ ತನಕ ಬಾಟಲಿ ಮುಚ್ಚಳ ತೆಗೆಯುವುದಿಲ್ಲ ಅನ್ನುತ್ತಾಳೆ. ಕಾರ್ಖಾನೆಯಾದರೆ ಶೌಚಾಲಯ ಇಡಲೇಬೇಕು ಅಂತ ಕಾನೂನೇ ಇದೆ. ಬೀದಿಯೇ ಕಾರ್ಖಾನೆಯಾದವರಿಗೆ?

ಇನ್ನು ಹೊರಗಿನಿಂದ ಬರುವವರು. 2011ರ ಜನಗಣತಿಯಲ್ಲಿ ಈ ಊರಿನ ಜನ 3 ಲಕ್ಷದ ಆಸುಪಾಸು. ಆಮೇಲೆ ಊರು ಎಷ್ಟು ಬೆಳೆದಿದೆ ಅನ್ನುವುದು ಸಂಜೆ ಆರಕ್ಕೆ ರಸ್ತೆ ದಾಟಲು ನಿಂತರೆ ಗೊತ್ತಾಗುತ್ತೆ. ಆದರೆ ಹಗಲಿನ ತುಮಕೂರು ಇಲ್ಲಿ ಮನೆಯಿರುವವರದು ಮಾತ್ರ ಅಲ್ಲ. ಜಿಲ್ಲೆಯ 10 ತಾಲ್ಲೂಕುಗಳಿಂದ ಆಸ್ಪತ್ರೆಗೆ, ಕಾಲೇಜಿಗೆ, ಡಿ.ಸಿ. ಆಫೀಸಿಗೆ, ನಮ್ಮ ಕೋರ್ಟಿಗೆ ಬರುತ್ತಾರೆ. ಪಾವಗಡದಿಂದ ನೂರು ಕಿಲೋಮೀಟರ್ ಬಸ್ಸಿನಲ್ಲಿ ಬಂದ ಹೆಂಗಸು ಇಳಿದ ತಕ್ಷಣ ಕೇಳುವುದು ವಕೀಲರ ಆಫೀಸು ಎಲ್ಲಿ ಅಂತಲ್ಲ. ಜೀವನಾಂಶದ ಕೇಸಿನವರು ಎಷ್ಟೋ ಜನ ನಮ್ಮ ಆಫೀಸಿಗೆ ಬಂದು, ಫೈಲು ಕೊಡುವ ಮೊದಲು ನನ್ನ ಕಿವಿಯಲ್ಲಿ ಕೇಳಿದ್ದಾರೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಹೀಗೆ ಬರುವವರು ಹೆಚ್ಚಾದರು. ನನಗೆ ಅದು ಬಹಳ ಸಂತೋಷದ ವಿಷಯ, ಬಸ್ಸಿನಲ್ಲಿ ನಿಲ್ಲಲು ಜಾಗ ಸಿಗದಿದ್ದರೂ. ಗಂಡನನ್ನೋ ಮಗನನ್ನೋ ದುಡ್ಡು ಕೇಳದೆ ಹೆಂಗಸರು ಊರು ಬಿಟ್ಟು ಊರಿಗೆ ಬರುತ್ತಿದ್ದಾರೆ. ಬಂದವರಿಗೆ ಊರು ಏನು ಇಟ್ಟಿದೆ? ಶೌಚಾಲಯದ ಲೆಕ್ಕ ಹಾಕುವವರು ರಾತ್ರಿ ಇಲ್ಲಿ ಮಲಗುವವರನ್ನಷ್ಟೇ ಎಣಿಸಿದರೆ ಹೂವಿನಜ್ಜಿ ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಅವಳ ಹೆಸರಿನದು ಹೆಬ್ಬೂರಿನ ಕಡೆ, ಹಿತ್ತಲಲ್ಲಿ, ಹಗಲೆಲ್ಲ ಖಾಲಿ ನಿಂತಿರುತ್ತೆ.

ಜನವರಿಯಲ್ಲಿ ಸರ್ ನನ್ನ ಕೈಲಿ ಒಂದು ತೀರ್ಪಿನ ಪ್ರಿಂಟ್ ತೆಗೆಸಿದ್ದರು. ರಾಜೀಬ್ ಕಲಿತಾ ಪ್ರಕರಣ, ಸುಪ್ರೀಂ ಕೋರ್ಟು, 2025ರ ಜನವರಿ 15. ದೇಶದ ಎಲ್ಲ ಕೋರ್ಟುಗಳಲ್ಲೂ ಗಂಡಸರಿಗೆ, ಹೆಂಗಸರಿಗೆ, ಅಂಗವಿಕಲರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಶೌಚಾಲಯ ಇರಲೇಬೇಕು, ಇದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಅದರಲ್ಲಿದೆ. ಇವತ್ತು ಅಜ್ಜಿಯ ಮಾತು ಕೇಳಿದಾಗಿನಿಂದ ಅದೇ ತಲೆಯಲ್ಲಿ ಓಡುತ್ತಿದೆ. ಕೋರ್ಟಿನ ಕಾಂಪೌಂಡಿನ ಒಳಗೆ ಜೀವಿಸುವ ಹಕ್ಕಾದದ್ದು ಗೇಟು ದಾಟಿ ಬೀದಿಗೆ ಬಂದರೆ ಐದು ರೂಪಾಯಿಯ ಸೇವೆ ಹೇಗಾಗುತ್ತೆ?

ಬೀದಿ ವ್ಯಾಪಾರಿಗಳ 2014ರ ಕಾಯ್ದೆಯನ್ನೂ ತೆಗೆದು ನೋಡಿದೆ. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಅಂದರೆ ಶೌಚಾಲಯ ಎಲ್ಲಿ ಬೇಕು, ಹೇಗಿರಬೇಕು ಅಂತ ಹೇಳುವ ಹೆಂಗಸರಿಗೆ ಕೂರಲು ಕುರ್ಚಿ ಕಾನೂನೇ ಹಾಕಿಕೊಟ್ಟಿದೆ. ಅಜ್ಜಿಯಂಥವರು ಆ ಕುರ್ಚಿಯಲ್ಲಿ ಕೂತು ಬುಟ್ಟಿಯ ಮಾತು ಎತ್ತಿದರೆ ಯಾವ ಇಂಜಿನಿಯರೂ ಅರ್ಧ ಗಂಟೆಯ ದೂರದಲ್ಲಿ ಶೌಚಾಲಯದ ನಕ್ಷೆ ಬರೆಯಲಾರ.

ಮಗಳು ಮಲಗಿದಳು. ಮಲಗುವ ಮೊದಲು ಅವಳ ಕೈಲಿ ಎರಡು ಲೋಟ ನೀರು ಕುಡಿಸಿದೆ, ಮುಖ ಸಿಂಡರಿಸಿಕೊಂಡೇ ಕುಡಿದಳು.

ಪಾಲಿಕೆಯ ಆಯುಕ್ತರಿಗೆ ಅರ್ಜಿ ಬರೆಯೋಣ ಅಂತ ಹಾಳೆ ತಗೊಂಡಿದ್ದೀನಿ. ದಿನವೆಲ್ಲ ಬೇರೆಯವರ ಅರ್ಜಿ ಟೈಪು ಮಾಡುವ ಕೈ, ಇದಕ್ಕೆ ಸರ್ ಡಿಕ್ಟೇಷನ್ ಬೇಕಿಲ್ಲ. ಕಂಡಕ್ಟರ್ ತಂಗಿ ಸಹಿ ಹಾಕುತ್ತಾಳೆ, ಹಣ್ಣಿನ ಗಾಡಿಯ ಇಬ್ಬರು, ಸೊಪ್ಪಿನವರು ಹಾಕಬಹುದು. ಒಂದು, ಹೆಂಗಸರಿಗೆ ದುಡ್ಡು ತಗೊಳ್ಳಬಾರದು. ಎರಡು, ಬೆಳಿಗ್ಗೆ ಐದಕ್ಕೆ ಬೀಗ ತೆಗೆಯಬೇಕು, ರಾತ್ರಿ ಹಳ್ಳಿಯ ಕೊನೇ ಬಸ್ಸು ಹೊರಡುವವರೆಗೆ ಹಾಕಬಾರದು. ಮೂರು, ಒಳಗೆ ಚಿಲಕ, ದೀಪ, ಬ್ಯಾಗಿಗೆ ಮೊಳೆ, ಮುಚ್ಚಳವಿರುವ ಡಬ್ಬಿ. ನಾಲ್ಕನೆಯದಕ್ಕೆ ಬಂದು ನಿಂತಿದ್ದೀನಿ. ಬುಟ್ಟಿ. ಬಾಗಿಲಲ್ಲಿ ಕೂರುವ ಹೆಂಗಸೇ ಬುಟ್ಟಿಗೂ ಒಂದು ಟೋಕನ್ನು ಕೊಟ್ಟು ನೋಡಿಕೊಳ್ಳಬಹುದು. ಆದರೆ ದುಡ್ಡು ಬೇಡ ಅಂತ ಒಂದನೆಯದರಲ್ಲೇ ಬರೆದುಬಿಟ್ಟಿದ್ದೀನಿ, ಆ ಹೆಂಗಸಿನ ಸಂಬಳ ಗುತ್ತಿಗೆದಾರ ಎಲ್ಲಿಂದ ಕೊಡುತ್ತಾನೆ? ಪಾಲಿಕೆಯೇ ನೇರ ಕೊಡಬೇಕು ಅಂತ ಐದನೆಯದು ಸೇರಿಸಬೇಕು. ಐದರಿಂದ ರಾತ್ರಿಯವರೆಗೆ ಅಂದರೆ ಎರಡು ಪಾಳಿ, ಇಬ್ಬರು. ಅವರಿಗೆ ಊಟದ ಹೊತ್ತಿಗೆ ಬಿಡುವು ಕೊಡಲು ಮೂರನೆಯವಳೂ